ಒಂದೂರಿನಂತೆ ಇನ್ನೊಂದೂರಿಲ್ಲ: ಪ್ಯಾಲೆಸ್ಟೈನಿನ ನಗರಗಳು ಮತ್ತು ಹಳ್ಳಿಗಳು

ಸಭಿಕರೇ,

ಕಾಫಿಯಿಂದ ಆರಂಭಿಸುತ್ತೇನೆ. ಅರಬ್ಬಿ ಬರಹದಲ್ಲಿ ಅದು 'ಕಹ್ವಾ'. ಮೊದಲಕ್ಷರ ಗಂಟಲಿನ ಆಳದಿಂದ ಹೊರಡಬೇಕಾದ ಒಂದು ಗಡಸು ಕಕಾರ. ಪ್ಯಾಲೆಸ್ಟೈನಿನ ಯಾಫಾ, ಹೈಫಾ, ಜೆರುಸಲೇಮ್ ನಗರಗಳ ಹಳೆಯ ಮನೆತನದವರು ಆ ಕಕಾರವನ್ನು ನುಂಗಿ 'ಅಹ್ವೆ' ಎನ್ನುತ್ತಾರೆ. ನಗರ ಬಿಟ್ಟು ಬೆಟ್ಟದ ಹಳ್ಳಿಗೆ ಹೋದರೆ ಅದೇ ಪಾನೀಯ 'ಕಹ್ವೆ'. ದಕ್ಷಿಣದ ಬಯಲಿನಲ್ಲಿ ಕುರಿ ಕಾಯುವ ಬೆದೂಯಿನರ ಬಾಯಲ್ಲಿ 'ಗಹ್ವೆ'. ಮಧ್ಯ ಬೆಟ್ಟಸೀಮೆಯ ರೈತರಲ್ಲಿ ಇನ್ನೊಂದು ವಿಶೇಷವಿದೆ. ಹೃದಯಕ್ಕೆ ಬರಹದಲ್ಲಿ ಗಡಸು ಕಕಾರದ 'ಕಲ್ಬ್', ನಾಯಿಗೆ ಸಾಧಾರಣ ಕಕಾರದ 'ಕಲ್ಬ್'. ರೈತ ಹೃದಯವನ್ನು ಸಾಧಾರಣ ಕಕಾರದಲ್ಲೇ ಉಚ್ಚರಿಸುತ್ತಾನೆ. ಆದರೂ ಗೊಂದಲವಾಗುವುದಿಲ್ಲ, ಏಕೆಂದರೆ ನಾಯಿ ಅವನ ಬಾಯಲ್ಲಿ ಆಗಲೇ 'ಚಲ್ಬ್' ಆಗಿರುತ್ತದೆ. ಒಬ್ಬ ಮನುಷ್ಯ ಬಾಯಿ ತೆರೆದ ಕೂಡಲೇ ಅವನು ಪೇಟೆಯವನೋ, ಹಳ್ಳಿಯವನೋ, ಡೇರೆಯವನೋ ಎಂಬುದು ಕೇಳುವವರಿಗೆ ತಿಳಿಯುತ್ತದೆ. ಕಿವಿ ಸೂಕ್ಷ್ಮವಾಗಿದ್ದರೆ ಯಾವ ಹಳ್ಳಿಯವನೆಂಬುದೂ ತಿಳಿಯುತ್ತದೆ.

1948ರಲ್ಲಿ ಇಸ್ರೇಲ್ ಸ್ಥಾಪನೆಯಾಗುವುದಕ್ಕೆ ಮುಂಚಿನ ಇಡೀ ಪ್ಯಾಲೆಸ್ಟೈನಿನ ವಿಸ್ತಾರ ಸುಮಾರು 27,000 ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಏಳನೆಯ ಒಂದು ಪಾಲು. ಅಷ್ಟು ಕಿರಿದಾದ ಜಾಗದಲ್ಲಿ ಇಷ್ಟು ಬಗೆಯ ಮಾತು, ಉಡುಪು, ಅಡುಗೆ, ಕಟ್ಟಡ ಹೇಗೆ ಬೆಳೆದವು ಎಂಬುದು ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿರುವ ವಿಷಯ. ನಮಗೆ ಪ್ಯಾಲೆಸ್ಟೈನ್ ಎಂದೊಡನೆ ಕಣ್ಣಿಗೆ ಬರುವುದು ಒಂದೋ ತೀರ್ಥಕ್ಷೇತ್ರಗಳು, ಇಲ್ಲವೇ ಯುದ್ಧದ ಸುದ್ದಿಚಿತ್ರಗಳು. ಈ ಎರಡರ ನಡುವೆ ಜನ ಬಾಳಿದ ಊರುಗಳು ಮರೆಯಾಗಿಬಿಟ್ಟಿವೆ. ಆ ನಾಡಿನ ಪರಂಪರೆ ಮುಖ್ಯವಾಗಿ ಊರು ಊರಿಗೂ ಇದ್ದ ವ್ಯತ್ಯಾಸದಲ್ಲಿ ಉಳಿದಿತ್ತು, ಆದ್ದರಿಂದ ಒಂದು ಊರು ಅಳಿದರೆ ಅದರ ಜಾಗವನ್ನು ಇನ್ನೊಂದು ಊರು ತುಂಬಲಾರದು ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಹಳ್ಳಿಯ ಮನೆಯೊಂದರ ಒಳಗೆ ಹೋಗೋಣ. ಅಲ್-ಖಲೀಲ್, ಎಂದರೆ ಹೆಬ್ರಾನ್, ಅಲ್ಲಿಂದ ಉತ್ತರಕ್ಕೆ ಜೆನೀನಿನವರೆಗೆ ಸುಣ್ಣಕಲ್ಲಿನ ಗುಡ್ಡಗಳು ಹಬ್ಬಿವೆ. ಅಲ್ಲಿನ 19ನೆಯ ಶತಮಾನದ ರೈತನ ಮನೆ ಸಾಮಾನ್ಯವಾಗಿ ಒಂದೇ ಕೋಣೆಯದು. ಸುಮಾರು ಒಂದು ಮೀಟರ್ ದಪ್ಪದ ಕಲ್ಲುಗೋಡೆ; ಮೇಲೆ ನಾಲ್ಕು ಮೂಲೆಗಳಿಂದ ಎದ್ದು ನಡುವೆ ಕೂಡಿಕೊಳ್ಳುವ ಕಮಾನು ಛಾವಣಿ. ಅದಕ್ಕೆ 'ಅಕ್ದ್' ಎಂದು ಹೆಸರು. ಮನೆಗಾಗುವಷ್ಟು ಉದ್ದನೆಯ ಮರ ವಿರಳವಾಗಿದ್ದ ಸೀಮೆಯಲ್ಲಿ ತೊಲೆ ಜಂತೆಗಳ ಹಂಗಿಲ್ಲದೆ ಕೋಣೆಯನ್ನು ಮುಚ್ಚಲು ಕಲ್ಲುಕುಟಿಗರು ಕಂಡುಕೊಂಡ ದಾರಿ ಅದು. ಬಾಗಿಲು ದಾಟಿದರೆ ಸಿಗುವ ಕೆಳನೆಲ ಎತ್ತು, ಕತ್ತೆ, ಆಡುಗಳಿಗೆ. ನಾಲ್ಕಾರು ಮೆಟ್ಟಿಲು ಹತ್ತಿದರೆ 'ಮಸ್ತಬಾ' ಎಂಬ ಎತ್ತರದ ಜಗಲಿ, ಅಲ್ಲಿ ಸಂಸಾರ. ಚಳಿಗಾಲದ ರಾತ್ರಿ ಕೆಳಗಿನ ಪ್ರಾಣಿಗಳ ಮೈಶಾಖ ಮೇಲೆ ಮಲಗಿದವರನ್ನು ಬೆಚ್ಚಗಿಡುತ್ತಿತ್ತು. ಜಗಲಿಯ ಅಂಚಿನಲ್ಲೇ ಮೇವು ಹಾಕುವ ಗೋದಲಿ. ಕ್ರಿಸ್‌ಮಸ್ ದಿನಗಳಲ್ಲಿ ನಮ್ಮ ಚರ್ಚುಗಳಲ್ಲಿ ಕಟ್ಟುವ ಗೋದಲಿಯನ್ನು ನಾವು ಊರಾಚೆಯ ಒಂಟಿ ಕೊಟ್ಟಿಗೆಯೆಂದು ಕಲ್ಪಿಸಿಕೊಳ್ಳುತ್ತೇವೆ. ಬೆತ್ಲೆಹೇಮ್ ಸೀಮೆಯ ಇಂಥ ಮನೆಯ ನಕ್ಷೆ ನೋಡಿದವರಿಗೆ ಗೋದಲಿಯು ಮನೆಯೊಳಗೇ, ಮಲಗಿದವರ ಕೈಯಳತೆಯಲ್ಲೇ ಇರಬಹುದಾದ ವಸ್ತುವೆಂಬುದು ತಟ್ಟನೆ ಹೊಳೆಯುತ್ತದೆ.

ಜಗಲಿಯ ಹಿಂಬದಿಗೆ 'ಖಾಬಿಯೆ' ಎಂಬ ಮಣ್ಣಿನ ಕಣಜಗಳ ಸಾಲು. ಕಲ್ಲಿನ ಕೆಲಸ ಗಂಡಸರದಾದರೆ ಇವು ಪೂರ್ತಿಯಾಗಿ ಹೆಂಗಸರ ಕೈಕೆಲಸ. ಜೇಡಿಮಣ್ಣಿಗೆ ಹುಲ್ಲು ಬೆರೆಸಿ ತುಳಿದು, ಪದರದ ಮೇಲೆ ಪದರ ಏರಿಸಿ, ಒಂದು ಪದರ ಒಣಗಿದ ಮೇಲೆ ಇನ್ನೊಂದನ್ನು ಕೂರಿಸಿ, ಕೊನೆಗೆ ಮೈಮೇಲೆ ಚಿತ್ತಾರ ಮೂಡಿಸುತ್ತಿದ್ದರು. ಮೇಲಿನ ಬಾಯಿಂದ ಗೋಧಿಯನ್ನೋ ಮಸೂರವನ್ನೋ ಸುರಿದು ಕೆಳಗಿನ ಸಣ್ಣ ತೂತಿನಿಂದ ಬೇಕಾದಷ್ಟೇ ಇಳಿಸಿಕೊಳ್ಳುವುದು. ಇಂಥ ಮನೆಯ ಕಮಾನನ್ನು ಮುಚ್ಚುವ ದಿನ ಊರೇ ನೆರೆಯುತ್ತಿತ್ತು. ಕಲ್ಲು, ಸುಣ್ಣ, ನೀರು ಹೊತ್ತು ತರುವವರಿಗೆ ಕೂಲಿಯಿಲ್ಲ, ಊಟವುಂಟು. ನಾವು ಮುಯ್ಯಾಳು ಎನ್ನುವುದಕ್ಕೆ ಅಲ್ಲಿ 'ಔನೆ' ಎನ್ನುತ್ತಾರೆ. ಅಕ್ಟೋಬರ್, ನವೆಂಬರ್ ತಿಂಗಳುಗಳ ಆಲಿವ್ ಕೊಯ್ಲಿನಲ್ಲೂ ಇದೇ ಪದ್ಧತಿ. ಹೊಸ ಎಣ್ಣೆ ಬಂದಾಗ ತಬೂನ್ ಒಲೆಯ ರೊಟ್ಟಿಯನ್ನು ಅದರಲ್ಲಿ ನೆನೆಸಿ, ಮೇಲೆ ಈರುಳ್ಳಿ, ಹುಳಿಯಾದ ಸುಮಾಕ್ ಪುಡಿ, ಕೋಳಿಮಾಂಸ ಹರಡಿ ಮಾಡುವ 'ಮುಸಖ್ಖನ್' ಆ ಕೊಯ್ಲಿನ ಅಡುಗೆ.

ಎಲ್ಲ ಹಳ್ಳಿಗಳೂ ಹೀಗೆ ರೈತರ ಹಳ್ಳಿಗಳಾಗಿರಲಿಲ್ಲ. ಒಟ್ಟೊಮನ್ ಆಳ್ವಿಕೆಯ 18 ಮತ್ತು 19ನೆಯ ಶತಮಾನಗಳಲ್ಲಿ ಬೆಟ್ಟಸೀಮೆಯ ಕಂದಾಯ ವಸೂಲಿ ಕೆಲವು ಶೇಖ್ ಮನೆತನಗಳ ಕೈಯಲ್ಲಿತ್ತು. ಅವರು ನೆಲೆಸಿದ ಸುಮಾರು 24 ಊರುಗಳನ್ನು 'ಕುರಾ ಅಲ್-ಕರಾಸಿ', ಗದ್ದುಗೆಯ ಊರುಗಳು, ಎಂದು ಕರೆಯುತ್ತಾರೆ. ದೈರ್ ಗಸ್ಸಾನೆ, ಅರ್ರಾಬೆ, ರಾಸ್ ಕರ್ಕರ್ ಅಂಥವು. ಹಳ್ಳಿಯ ಸಣ್ಣ ಮನೆಗಳ ನಡುವೆ ಹಲವು ಅಂಗಳಗಳ, ಎತ್ತರದ ಹೆಬ್ಬಾಗಿಲಿನ ಕೋಟೆಯಂಥ ಅರಮನೆ ತಲೆಯೆತ್ತಿ ನಿಂತಿರುವುದನ್ನು ಅಲ್ಲಿ ಇಂದಿಗೂ ಕಾಣಬಹುದು.

ಈಗ ನನಗೆ ಬಹಳ ಪ್ರಿಯವಾದ ಊರಿಗೆ ಬರುತ್ತೇನೆ. ಜೆರುಸಲೇಮಿನ ನೈಋತ್ಯಕ್ಕೆ, ಆಳವಾದ ಕಣಿವೆಯ ಇಳಿಜಾರಿನಲ್ಲಿ, ಬತ್ತೀರ್ ಎಂಬ ಹಳ್ಳಿಯಿದೆ. ಗಾರೆಯಿಲ್ಲದ ಕಲ್ಲುಕಟ್ಟುಗಳಿಂದ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿಸಿ, ಪ್ರತಿ ಮೆಟ್ಟಿಲಿನಲ್ಲೂ ಮಣ್ಣು ಹಿಡಿದು ನಿಲ್ಲಿಸಿ, ಮೇಲ್ಗಡೆ ಆಲಿವ್ ಮತ್ತು ದ್ರಾಕ್ಷಿ, ನೀರು ತಲುಪುವ ಕಡೆ ತರಕಾರಿ ಬೆಳೆಯುತ್ತಾರೆ. ಬತ್ತೀರಿನ ಬದನೆಕಾಯಿ ಆ ಸೀಮೆಗೆಲ್ಲ ಹೆಸರಾದದ್ದು. ಊರ ಮೇಲಿನ ಒರತೆಯ ನೀರು ರೋಮನ್ ಕಾಲದ ಕೊಳವೊಂದಕ್ಕೆ ಬಂದು ಸೇರುತ್ತದೆ. ಅಲ್ಲಿಂದ ಕಾಲುವೆಗಳಲ್ಲಿ ಹೊಲಗಳಿಗೆ ಇಳಿಯುತ್ತದೆ. ಊರಿನಲ್ಲಿ ಎಂಟು ದೊಡ್ಡ ಮನೆತನಗಳು. ಒಂದೊಂದು ಮನೆತನಕ್ಕೆ ಒಂದೊಂದು ದಿನದ ನೀರು. ಹೀಗಾಗಿ ಲೋಕದ ವಾರಕ್ಕೆ ಏಳು ದಿನವಾದರೆ ಬತ್ತೀರಿನ ವಾರಕ್ಕೆ ಎಂಟು ದಿನ. ಸರದಿಯವರು ಕೊಳದಲ್ಲಿ ಗುರುತು ಮಾಡಿದ ಕೋಲಿಳಿಸಿ ನೀರಿನ ಮಟ್ಟ ಅಳೆಯುತ್ತಾರೆ. ಆ ಗುರುತಿನ ಲೆಕ್ಕದಲ್ಲೇ ಮನೆತನದೊಳಗಿನ ಸಂಸಾರಗಳಿಗೆ ಪಾಲು ಹಂಚಿಕೆಯಾಗುತ್ತದೆ. ಕಾಗದ ಪತ್ರವಿಲ್ಲದೆ ತಲೆಮಾರುಗಳಿಂದ ನಡೆದುಬಂದ ಈ ಹಂಚಿಕೆಯ ನ್ಯಾಯ ನನ್ನ ಕಣ್ಣಿಗೆ ಯಾವ ಗೋಪುರಕ್ಕೂ ಕಡಿಮೆಯದಲ್ಲ.

1892ರಲ್ಲಿ ಯಾಫಾದಿಂದ ಜೆರುಸಲೇಮಿಗೆ ಹಾಕಿದ ರೈಲು ಹಳಿ ಈ ಕಣಿವೆಯಲ್ಲೇ ಹಾಯ್ದುಹೋಗುತ್ತದೆ. 1948ರ ಯುದ್ಧದಲ್ಲಿ ಹೆಚ್ಚಿನವರು ಊರು ತೊರೆದಾಗ, ಹಸನ್ ಮುಸ್ತಫಾ ಎಂಬ ಶಿಕ್ಷಿತ ತರುಣನ ಮುಂದಾಳತ್ವದಲ್ಲಿ ಉಳಿದ ಕೆಲವೇ ಜನ ರಾತ್ರಿ ಖಾಲಿ ಮನೆಗಳಲ್ಲಿ ದೀಪ ಹಚ್ಚಿ, ಹಗಲು ಬಟ್ಟೆ ಒಣಹಾಕಿ, ಊರು ತುಂಬಿದೆ ಎಂದು ತೋರುವಂತೆ ಮಾಡಿದರು. 1949ರ ಕದನವಿರಾಮದ ಗೆರೆ ರೈಲು ಹಳಿಯ ಬಳಿ ಬಿದ್ದಾಗ, ರೈಲಿಗೆ ಊರಿನವರಿಂದ ತೊಂದರೆಯಾಗಬಾರದು, ಹಳಿಯಾಚೆಯ ಹೊಲಗಳನ್ನು ಉಳುವ ಹಕ್ಕು ಊರಿನವರಿಗೇ ಇರಬೇಕು ಎಂಬ ಒಪ್ಪಂದವನ್ನು ಅವರು ಪಡೆದರು. ಕಣಿವೆಯಲ್ಲಿ ಇಸ್ರೇಲಿನ ಪ್ರತ್ಯೇಕತಾ ಗೋಡೆ ಹಾಯಿಸುವ ಯೋಜನೆ ಬಂದಾಗ ಇದೇ ಮೆಟ್ಟಿಲು ಹೊಲಗಳು ಊರಿನ ಪರವಾಗಿ ಸಾಕ್ಷಿ ನುಡಿದವು. 2014ರಲ್ಲಿ ಯುನೆಸ್ಕೋ ಈ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷದ ಆರಂಭದಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ ಆ ಯೋಜನೆಯನ್ನು ತಡೆಹಿಡಿಯಿತು.

ಇನ್ನು ನಗರ. ನನ್ನ ಮುಂದಿರುವ ಈ ಮೇಜಿನ ಮೇಲೆ ಕಾಗದದಲ್ಲಿ ಸುತ್ತಿದ ಒಂದು ಚೌಕ ವಸ್ತುವನ್ನು ನೀವು ಆಗಿನಿಂದ ನೋಡುತ್ತಿದ್ದೀರಿ. ಇದು ನಾಬ್ಲಸ್ ನಗರದ ಸಾಬೂನು. ಬಿಚ್ಚಿದರೆ ಒಳಗೆ ದಂತದ ಬಣ್ಣದ ಗಟ್ಟಿ. ಮುಖದ ಮೇಲೆ ಒತ್ತಿದ ಮುದ್ರೆ. ಮೂಸಿದರೆ ಸುಗಂಧವೆಂಬುದು ಇಲ್ಲವೇ ಇಲ್ಲ, ತೊಳೆದ ಕಲ್ಲಿನಂಥ ಒಂದು ಶುಭ್ರ ವಾಸನೆ ಮಾತ್ರ. ಅಂಚುಗಳು ಸಮನಾಗಿಲ್ಲ, ಏಕೆಂದರೆ ಕತ್ತರಿಸಿದ್ದು ಯಂತ್ರವಲ್ಲ, ಮನುಷ್ಯ. ಗೆರಿಜೀಮ್ ಮತ್ತು ಎಬಾಲ್ ಎಂಬ ಎರಡು ಬೆಟ್ಟಗಳ ನಡುವೆ ರೋಮನ್ನರು ಕ್ರಿ.ಶ. 72ರಲ್ಲಿ 'ನಿಯಾಪೊಲಿಸ್', ಹೊಸ ಪಟ್ಟಣ, ಎಂದು ಕಟ್ಟಿದ ಊರೇ ಅರಬ್ಬರ ನಾಲಿಗೆಯಲ್ಲಿ ನಾಬ್ಲಸ್ ಆಯಿತು. 1907ರ ಹೊತ್ತಿಗೆ ಅಲ್ಲಿ ಸುಮಾರು 30 ಸಾಬೂನು ಕಾರ್ಖಾನೆಗಳಿದ್ದವು. ನೆಲಮಾಳಿಗೆಯಲ್ಲಿ ಎಣ್ಣೆ ತುಂಬುವ ಬಾವಿಗಳು. ನೆಲಮಟ್ಟದಲ್ಲಿ ಒಲೆಯ ಮೇಲೆ ಕೂರಿಸಿದ ದೊಡ್ಡ ತಾಮ್ರದ ಕೊಪ್ಪರಿಗೆ. ಎಣ್ಣೆ, ನೀರು, ಕ್ಷಾರ ಸೇರಿಸಿ ದಿನಗಟ್ಟಲೆ ಕುದಿಸಿ ಕಡೆದು, ಹದಕ್ಕೆ ಬಂದ ಪಾಕವನ್ನು ಬಕೆಟ್ಟುಗಳಲ್ಲಿ ಹೊತ್ತು ಮೆಟ್ಟಿಲು ಹತ್ತಿ ಮಹಡಿಯ ವಿಶಾಲ ನೆಲದ ಮೇಲೆ ಸುರಿಯುತ್ತಾರೆ. ಅದು ಗಟ್ಟಿಯಾಗುತ್ತಿದ್ದಂತೆ ಬಣ್ಣದಲ್ಲಿ ಅದ್ದಿದ ದಾರವನ್ನು ಎಳೆದು ಬಿಗಿಹಿಡಿದು ಮೀಟಿ ಗೆರೆ ಹಾಕುತ್ತಾರೆ, ನಮ್ಮ ಬಡಗಿಗಳು ಹಲಗೆಯ ಮೇಲೆ ನೂಲು ಹೊಡೆಯುವ ಹಾಗೆಯೇ. ಆಮೇಲೆ ಒಬ್ಬ ಕುಕ್ಕರುಗಾಲಿನಲ್ಲಿ ಕುಳಿತು ಎರಡೂ ಕೈಯಲ್ಲಿ ಮುದ್ರೆಯ ಸುತ್ತಿಗೆ ಹಿಡಿದು ತಾಳ ತಪ್ಪದೆ ಒತ್ತುತ್ತಾ ಹೋಗುತ್ತಾನೆ. ಕತ್ತರಿಸಿದ ಬಿಲ್ಲೆಗಳನ್ನು ಗಾಳಿಯಾಡುವಂತೆ ನಡುವೆ ಪೊಳ್ಳು ಬಿಟ್ಟು, ಆಳೆತ್ತರ ಮೀರುವ ಗೋಪುರಗಳಾಗಿ ಪೇರಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ.

ಈ ಬಿಲ್ಲೆಯಲ್ಲಿ ಏನೇನು ಸೇರಿದೆ ನೋಡಿ. ಎಣ್ಣೆ ಸುತ್ತಲಿನ ಹಳ್ಳಿಗಳದು. ಹಳೆಯ ಕಾಲದಲ್ಲಿ ಬೇಕಾದ ಕ್ಷಾರವನ್ನು ಜೋರ್ಡನ್ ನದಿಯಾಚೆಯ ಬೆದೂಯಿನರು ಮರುಭೂಮಿಯ ಗಿಡ ಸುಟ್ಟು, ಬೂದಿ ಮಾಡಿ, ಒಂಟೆಗಳ ಮೇಲೆ ಹೇರಿ ತರುತ್ತಿದ್ದರು. ಬಂಡವಾಳ, ಕುಶಲ ಕೆಲಸ ಮತ್ತು ದೂರದ ಮಾರುಕಟ್ಟೆ ನಗರದವು. ಅಹ್ವೆ, ಕಹ್ವೆ, ಗಹ್ವೆ ಎನ್ನುವ ಮೂರೂ ಬಾಯಿಗಳು ಇದರಲ್ಲಿ ಕೂಡಿವೆ. ಆದರೆ ಇದನ್ನು ಬರೀ ಸೌಹಾರ್ದದ ಕಥೆಯೆಂದು ಹೇಳಿದರೆ ಅರ್ಧ ಸತ್ಯವಾದೀತು. ವ್ಯಾಪಾರಿಗಳು ಕೊಯ್ಲಿಗೆ ಮುಂಚೆಯೇ ಮುಂಗಡ ಕೊಟ್ಟು ಎಣ್ಣೆಯನ್ನು ಅಗ್ಗಕ್ಕೆ ಬರೆಸಿಕೊಳ್ಳುತ್ತಿದ್ದರು. ಬೆಳೆ ಕೈಕೊಟ್ಟ ವರ್ಷ ರೈತ ಸಾಲದಲ್ಲಿ ಮುಳುಗುತ್ತಿದ್ದ. ನಾಬ್ಲಸಿನ ಹಳೆಯ ಪೇಟೆಯ ಭವ್ಯ ಮನೆಗಳ ಹಿಂದೆ ಆ ಲೆಕ್ಕವೂ ಇದೆ. 1927ರ ಭೂಕಂಪ ನಗರವನ್ನು ಬಹಳವಾಗಿ ಕೆಡವಿತು. 2002ರ ಇಸ್ರೇಲಿ ಸೇನಾ ಕಾರ್ಯಾಚರಣೆಯಲ್ಲಿ ಹಳೆಯ ಪೇಟೆಗೆ ಮತ್ತೆ ಪೆಟ್ಟು ಬಿತ್ತು. ಇಂದು ಕೈಯಿಂದ ಸಾಬೂನು ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು. 2024ರಲ್ಲಿ ಯುನೆಸ್ಕೋ ಈ ಕಸುಬನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಉಡುಪಿನ ವಿಚಾರಕ್ಕೆ ಬಂದರೆ ನಗರ ಮತ್ತು ಹಳ್ಳಿಗಳ ಅಂತರ ಇನ್ನೂ ಸ್ಪಷ್ಟ. ಇಂದು ಪ್ಯಾಲೆಸ್ಟೈನಿನ ಗುರುತಾಗಿರುವ 'ತತ್ರೀಜ್' ಕಸೂತಿ ಮೂಲದಲ್ಲಿ ಹಳ್ಳಿಯ ಹೆಂಗಸರದು. ನಗರದ ಸಿರಿವಂತ ಮನೆಯವರು ಇಸ್ತಾಂಬುಲಿನ ಶೈಲಿಯನ್ನು ಅನುಸರಿಸುತ್ತಿದ್ದರು. ರಾಮಲ್ಲಾದ ಹೆಂಗಸಿನ ನಿಲುವಂಗಿ ಬಿಳಿ ನಾರುಬಟ್ಟೆಯ ಮೇಲೆ ಕಡುಗೆಂಪು ರೇಷ್ಮೆಯ ಹೊಲಿಗೆ. ಬೆತ್ಲೆಹೇಮಿನಲ್ಲಿ ರೇಷ್ಮೆ ಮತ್ತು ಜರಿಯ ಹುರಿಯನ್ನು ಬಟ್ಟೆಯ ಮೇಲೆ ಬಳ್ಳಿಯಂತೆ ಹಾಸಿ ಹೊಲಿಯುವ ಪದ್ಧತಿ. ಮದುವೆಯಾದವಳ ತಲೆಯ ಮೇಲೆ ನಾಣ್ಯ ಜೋಡಿಸಿದ 'ಶತ್ವೆ' ಎಂಬ ಎತ್ತರದ ಟೋಪಿ. ನಾಬ್ಲಸಿನ ಸುತ್ತಲಿನ ಹಳ್ಳಿಗಳಲ್ಲಿ ಕಸೂತಿ ತೀರಾ ಕಡಿಮೆ, ಅಲ್ಲಿನ ಹೆಂಗಸರಿಗೆ ಹೊಲದ ದುಡಿಮೆಯೇ ಹೆಚ್ಚು. ಎದೆಯ ಮೇಲಿನ ಚೌಕ, ತೋಳಿನ ಪಟ್ಟಿ, ಬೆನ್ನ ಕೆಳಗಿನ ಸೈಪ್ರೆಸ್ ಮರಗಳ ಸಾಲು ನೋಡಿ ಸಂತೆಯಲ್ಲಿ ಒಬ್ಬಾಕೆ ಇನ್ನೊಬ್ಬಾಕೆಯ ಊರನ್ನು ಕೇಳದೆಯೇ ತಿಳಿಯುತ್ತಿದ್ದಳು.

ಕರಾವಳಿಯಲ್ಲಿ ಯಾಫಾ ಇತ್ತು. ದಪ್ಪ ಸಿಪ್ಪೆಯ ಶಮೂತಿ ಕಿತ್ತಳೆ ಸಮುದ್ರಯಾನ ತಾಳಿಕೊಳ್ಳುತ್ತಿದ್ದುದರಿಂದ ಆ ಬಂದರು ಯುರೋಪಿನ ಮಾರುಕಟ್ಟೆಗಳಲ್ಲಿ ಹೆಸರಾಯಿತು. 1911ರಲ್ಲಿ 'ಫಲಸ್ತೀನ್' ಪತ್ರಿಕೆ ಆರಂಭವಾದದ್ದೂ ಅಲ್ಲೇ. ಪ್ರತಿ ವರ್ಷ ಬೇಸಿಗೆಯ ಕೊನೆಗೆ ಯಾಫಾದ ಅರ್ಧ ಊರು ಗಂಟುಮೂಟೆ ಕಟ್ಟಿಕೊಂಡು ದಕ್ಷಿಣದ ನದಿದಂಡೆಯಲ್ಲಿದ್ದ ನಬಿ ರೂಬೀನ್ ದರ್ಗಾಕ್ಕೆ ಹೋಗಿ, ಮರಳಿನ ಮೇಲೆ ಡೇರೆ ಹೊಡೆದು ತಿಂಗಳ ಕಾಲ ಜಾತ್ರೆ ನಡೆಸುತ್ತಿತ್ತು. ಡೇರೆಗಳ ನಡುವೆ ಕಾಫಿ ಅಂಗಡಿ, ಹಾಡು, ನಾಟಕ. 'ಒಂದೋ ರೂಬೀನಿಗೆ ಕರೆದುಕೊಂಡು ಹೋಗು, ಇಲ್ಲವೇ ತಲಾಖ್ ಕೊಡು' ಎಂದು ಹೆಂಡಂದಿರು ಹೇಳುತ್ತಿದ್ದರೆಂಬ ನುಡಿ ಯಾಫಾದವರ ಬಾಯಲ್ಲಿ ಇಂದಿಗೂ ಉಳಿದಿದೆ. ಜಾತ್ರೆ ಉಳಿದಿಲ್ಲ.

ಹೈಫಾದ ಹೆಸರು ನಮ್ಮಲ್ಲಿ ಕೆಲವರಿಗೆ ಬೇರೊಂದು ಕಾರಣಕ್ಕೆ ಗೊತ್ತು. 1918ರ ಸೆಪ್ಟೆಂಬರ್ 23ರಂದು ಆ ನಗರವನ್ನು ಒಟ್ಟೊಮನ್ನರಿಂದ ಗೆದ್ದ ಕುದುರೆಪಡೆಗಳಲ್ಲಿ ಜೋಧಪುರದವರೊಂದಿಗೆ ಮೈಸೂರು ಲ್ಯಾನ್ಸರ್ಸ್ ಇದ್ದರು. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳತ್ತ ಏರಿಹೋದವರಲ್ಲಿ ನಮ್ಮ ಸವಾರರೂ ಸೇರಿದ್ದರು. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ, ವರ್ಷವರ್ಷವೂ ಹಾರ ಬೀಳುತ್ತದೆ. ಅವರು ಪ್ರವೇಶಿಸಿದ್ದು ಎಂಥ ಊರನ್ನು ಎಂಬುದನ್ನೂ ನಾವು ನೆನೆಯಬೇಕೆಂದು ನನಗನಿಸುತ್ತದೆ. 18ನೆಯ ಶತಮಾನದಲ್ಲಿ ಗಲಿಲಿಯ ಅರಬ್ ದೊರೆ ದಾಹಿರ್ ಅಲ್-ಉಮರ್ ಹೊಸದಾಗಿ ಕಟ್ಟಿಸಿದ್ದ, 1905ರಲ್ಲಿ ಹಿಜಾಜ್ ರೈಲಿನ ಕವಲು ಬಂದ ಮೇಲೆ ಭರದಿಂದ ಬೆಳೆಯುತ್ತಿದ್ದ ಬಂದರು ಅದು. ಮೂವತ್ತೇ ವರ್ಷಗಳ ನಂತರ, 1948ರ ಏಪ್ರಿಲ್ ಕಳೆದಾಗ, ಅಲ್ಲಿನ ಅರಬ್ ನಿವಾಸಿಗಳಲ್ಲಿ ಉಳಿದವರು ಕೆಲವೇ ಸಾವಿರ.

ಆ ಒಂದು ವರ್ಷದಲ್ಲಿ 400ಕ್ಕೂ ಹೆಚ್ಚು ಹಳ್ಳಿಗಳು ಬರಿದಾದವು, 7,00,000ಕ್ಕೂ ಹೆಚ್ಚು ಜನ ನಿರಾಶ್ರಿತರಾದರು. ಹೆಚ್ಚಿನ ಹಳ್ಳಿಗಳನ್ನು ನೆಲಸಮ ಮಾಡಲಾಯಿತು. ಊರ ಬೇಲಿಗೆಂದು ನೆಟ್ಟ ಪಾಪಾಸುಕಳ್ಳಿ ಮಾತ್ರ ಕಡಿದರೂ ಸುಟ್ಟರೂ ಮತ್ತೆ ಚಿಗುರುತ್ತದೆ. ಇಸ್ರೇಲಿನ ಹೊಲ ಕಾಡುಗಳ ನಡುವೆ ಕಾರಣವಿಲ್ಲದೆ ನೇರ ಸಾಲಿನಲ್ಲಿ ನಿಂತ ಕಳ್ಳಿ ಕಂಡರೆ ಅಲ್ಲೊಂದು ಊರಿತ್ತೆಂದು ಬಲ್ಲವರು ಹೇಳುತ್ತಾರೆ. ಅರಬ್ಬಿಯಲ್ಲಿ ಈ ಕಳ್ಳಿಗೂ ತಾಳ್ಮೆಗೂ ಒಂದೇ ಪದ, 'ಸಬ್ರ್'. ಜೆರುಸಲೇಮಿನ ಅಂಚಿನ ಲಿಫ್ತಾದಲ್ಲಿ ಮಾತ್ರ ಹಲವು ಕಲ್ಲುಮನೆಗಳು ಛಾವಣಿ ಒಡೆದುಕೊಂಡು ಒರತೆಯ ಸುತ್ತ ಇನ್ನೂ ನಿಂತಿವೆ. ಓಡಿಹೋದವರು ಶಿಬಿರಗಳಲ್ಲೂ ಊರೂರಾಗಿಯೇ ಕೂತರು. ಲೆಬನಾನಿನ ಐನ್ ಅಲ್-ಹಿಲ್ವೆ ಶಿಬಿರದಲ್ಲಿ ಸಫೂರಿಯಾ ಎಂಬ ಕೇರಿಯಿದೆ. ಅದು ಗಲಿಲಿಯ ಅಳಿದ ಹಳ್ಳಿಯೊಂದರ ಹೆಸರು. ಆದರೆ ಶಿಬಿರದಲ್ಲಿ ಹುಟ್ಟಿದ ಮಗಳಿಗೆ ಎಲ್ಲ ಊರುಗಳ ಹೊಲಿಗೆಯೂ ಒಂದೇ ಓಣಿಯಲ್ಲಿ ಕಾಣಸಿಕ್ಕಿತು. ಊರೂರಿನ ನಿಲುವಂಗಿಗಳು ಬೆರೆತು ಒಂದು ರಾಷ್ಟ್ರದ ನಿಲುವಂಗಿಯಾಯಿತು. ಇಸ್ರೇಲಿ ಆಡಳಿತದ ವಿರುದ್ಧ 1987ರಲ್ಲಿ ಎದ್ದ ದಂಗೆಯ ದಿನಗಳಲ್ಲಿ, ಧ್ವಜ ಹಾರಿಸುವುದು ಅಪರಾಧವಾಗಿದ್ದಾಗ, ಹೆಂಗಸರು ಧ್ವಜದ ಬಣ್ಣಗಳನ್ನೂ ನಾಡಿನ ನಕ್ಷೆಯನ್ನೂ ಎದೆಯ ಮೇಲೆ ಕಸೂತಿ ಹಾಕಿಕೊಂಡರು. ಅದು ದೊಡ್ಡ ಗಳಿಕೆ. ಜೊತೆಗೇ, ಇಂಥ ಊರಿನವಳೆಂದು ಸಂತೆಯಲ್ಲಿ ಗುರುತಿಸುವ ಕಣ್ಣು ಮಸುಕಾದದ್ದನ್ನು ನಷ್ಟದ ಕಡೆಗೇ ಬರೆದುಕೊಳ್ಳಬೇಕು.

ಉಳಿದದ್ದನ್ನು ಉಳಿಸಿಕೊಳ್ಳುವ ಕೆಲಸವೂ ನಡೆದಿದೆ. ಅಲ್-ಖಲೀಲಿನಲ್ಲಿ ಸೇನೆಯ ತಡೆಗಳಿಂದ ಬಣಗುಡುತ್ತಿದ್ದ ಹಳೆಯ ಪೇಟೆಯ ಮನೆಗಳನ್ನು 1996ರಿಂದ ಒಂದು ಸಮಿತಿ ದುರಸ್ತಿ ಮಾಡಿ ಮತ್ತೆ ಸಂಸಾರಗಳನ್ನು ತಂದು ನೆಲೆಗೊಳಿಸುತ್ತಿದೆ. ಜನ ವಾಸವಿಲ್ಲದ ಮನೆಯನ್ನು ಯಾವ ಗಾರೆಯೂ ಕಾಯಲಾರದೆಂಬುದು ಅವರಿಗೆ ಗೊತ್ತು. ರಾಮಲ್ಲಾದಲ್ಲಿ ವಾಸ್ತುಶಿಲ್ಪಿ ಸುಆದ್ ಅಮೀರಿ 1991ರಲ್ಲಿ ಸ್ಥಾಪಿಸಿದ 'ರಿವಾಕ್' ಸಂಸ್ಥೆ ಪಶ್ಚಿಮ ದಂಡೆ ಮತ್ತು ಗಾಜಾದ ಊರೂರು ಸುತ್ತಿ 50,320 ಹಳೆಯ ಕಟ್ಟಡಗಳನ್ನು ಪಟ್ಟಿ ಮಾಡಿ 2007ರಲ್ಲಿ ಪ್ರಕಟಿಸಿತು. ಅವರು ದುರಸ್ತಿಗೆ ಊರಿನ ಕಲ್ಲುಕುಟಿಗರನ್ನೇ ಕರೆಯುತ್ತಾರೆ, ಸಿಮೆಂಟಿನ ಬದಲು ಸುಣ್ಣದ ಗಾರೆ ಬಳಸುತ್ತಾರೆ, ಮುಗಿದ ಮನೆಯನ್ನು ಬೀಗ ಹಾಕದೆ ಊರಿನ ಬಳಕೆಗೇ ಬಿಟ್ಟುಕೊಡುತ್ತಾರೆ. ಬಿರ್‌ಝೈತ್ ಊರಿನ ಹಳೆಯ ಕೇಂದ್ರ ಹೀಗೆ ಮರುಜೀವ ಪಡೆದು 2013ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಗೆ ಪಾತ್ರವಾಯಿತು.

ಗಾಜಾದ ವಿಷಯ ಹೇಳದೆ ಈ ಮಾತನ್ನು ನಿಲ್ಲಿಸಲಾರೆ. ಆ ನಗರದ ಅಡುಗೆ ಉಳಿದ ಪ್ಯಾಲೆಸ್ಟೈನಿನದಕ್ಕಿಂತ ಬೇರೆ. ಸಬ್ಬಸಿಗೆ ಬೀಜವನ್ನೂ ಹಸಿಮೆಣಸಿನಕಾಯಿಯನ್ನೂ 'ಜಿಬ್ದಿಯ್ಯೆ' ಎಂಬ ಒರಟು ಮಣ್ಣಿನ ಬೋಗುಣಿಯಲ್ಲಿ ಅರೆದರೆ ಅದು ಗಾಜಾ. ಬೈಜಾಂಟಿನ್ ಚರ್ಚಿನ ಜಾಗದಲ್ಲಿ ಬೆಳೆದುನಿಂತಿದ್ದ ಅಲ್ಲಿನ ಮಹಾ ಉಮರಿ ಮಸೀದಿ 2023ರ ಡಿಸೆಂಬರಿನಲ್ಲಿ ಬಾಂಬಿಗೆ ಕುಸಿಯಿತು. 100ಕ್ಕೂ ಹೆಚ್ಚು ಪರಂಪರೆಯ ತಾಣಗಳಿಗೆ ಹಾನಿಯಾಗಿರುವುದನ್ನು ಯುನೆಸ್ಕೋ ದೃಢಪಡಿಸಿದೆ. ಹತರಾದ ಸಾವಿರಾರು ಜನರ ಮುಂದೆ ಕಲ್ಲುಗಳ ಲೆಕ್ಕ ಹೇಳಲು ನನಗೆ ಸಂಕೋಚವಾಗುತ್ತದೆ. ಆದರೂ ಆ ಕಲ್ಲುಗಳು ಅದೇ ಜನರವಾಗಿದ್ದವು.

ಗಾಜಾದ ಉತ್ತರಕ್ಕೆ, ಈಗಿನ ಅಶ್ಕೆಲೋನಿನ ಜಾಗದಲ್ಲಿ, ಮಜ್ದಲ್ ಎಂಬ ನೇಕಾರರ ಪಟ್ಟಣವಿತ್ತು. ದಕ್ಷಿಣದ ಹಳ್ಳಿಗಳ ಹೆಂಗಸರು ಕಸೂತಿ ಹಾಕುತ್ತಿದ್ದ ಬಟ್ಟೆ ಅಲ್ಲಿನ ಮಗ್ಗಗಳದು. 1948ರಲ್ಲಿ ಹೆಚ್ಚಿನವರು ಗಾಜಾಕ್ಕೆ ಓಡಿದರು, ಉಳಿದವರನ್ನು 1950ರಲ್ಲಿ ಅಲ್ಲಿಗೇ ಹೊರಡಿಸಲಾಯಿತು. ಹೋದವರು ಗಾಜಾದಲ್ಲಿ ಮಗ್ಗ ಹೂಡಿ ಅದೇ ಬಟ್ಟೆಯನ್ನು ನೇಯ್ದರು. ಅದರ ಹೆಸರು ಬದಲಾಗಲಿಲ್ಲ, ಗಾಜಾದಲ್ಲಿ ನೇಯ್ದರೂ ಅದು 'ಮಜ್ದಲಾವಿ'ಯೇ. ಅದರಲ್ಲಿ ಹೆಸರಾದ ಒಂದು ಬಗೆಗೆ 'ಜನ್ನೆ ವ ನಾರ್', ಸ್ವರ್ಗ ಮತ್ತು ಬೆಂಕಿ, ಎನ್ನುತ್ತಾರೆ. ನೀಲಿಯಲ್ಲಿ ಅದ್ದಿದ ಕಡುಗಪ್ಪು ಹತ್ತಿಯ ಬಟ್ಟೆ. ಅದರಲ್ಲಿ ರೇಷ್ಮೆಯ ಹಸಿರು ಪಟ್ಟೆ, ಅದರ ಪಕ್ಕದಲ್ಲೇ ಕೆಂಪು ಪಟ್ಟೆ.